ಸ್ಪಿತಿ ಕಣಿವೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪಿತಿ ಅಂದರೆ ಯಾವ ಜಾಗ? ಲಡಾಖ್‌ನ ಭಾಗವೇ?

ಅಲ್ಲ. ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯಲ್ಲಿ. ಕಣಿವೆಯ ಮುಖ್ಯ ಊರು ಕಾಜಾ, ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ ಶಿಖರ 1,930 ಮೀಟರ್. ಕಾಜಾದಲ್ಲಿ ನೀವು ಮಲಗುವ ಹಾಸಿಗೆಯೇ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿರುತ್ತದೆ. ಮಳೆಮೋಡಗಳನ್ನು ದಕ್ಷಿಣದ ಪರ್ವತಸಾಲು ತಡೆಯುವುದರಿಂದ ಇದು ಮರಗಳೇ ಅಪರೂಪವಾದ ಶೀತ ಮರುಭೂಮಿ. ಸ್ಪಿತಿ ನದಿ ಕೆಳಗೆ ಪಕ್ಕದ ಕಿನ್ನೌರ್ ಜಿಲ್ಲೆಯ ಖಾಬ್ ಎಂಬಲ್ಲಿ ಸಟ್ಲೆಜ್‌ಗೆ ಸೇರುತ್ತದೆ.

ಯಾವ ತಿಂಗಳು ಹೋಗುವುದು ಒಳ್ಳೆಯದು?

ಒಂದೇ ತಿಂಗಳು ಹೇಳಿ ಎಂದರೆ ಸೆಪ್ಟೆಂಬರ್. ಆಗ ಶಿಮ್ಲಾ, ಮನಾಲಿ ಎರಡೂ ಕಡೆಯ ರಸ್ತೆ ತೆರೆದಿರುತ್ತದೆ, ಹಿಮ ಕರಗುವುದು ಕಡಿಮೆಯಾಗಿ ರಸ್ತೆಗೆ ಅಡ್ಡ ಹರಿಯುವ ನಾಲಾಗಳ (ತೊರೆಗಳ) ನೀರು ಇಳಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ರಾತ್ರಿ ಚಳಿ ಮಾತ್ರ ಚುರುಕಾಗಿರುತ್ತದೆ.

ಜೂನ್‌ನಲ್ಲಿ ಮನಾಲಿ ಕಡೆಯ ದಾರಿಯಲ್ಲಿರುವ ಕುಂಜುಮ್ ಪಾಸ್‌ನ (ಪರ್ವತಸಾಲನ್ನು ದಾಟುವ ಜಾಗ) ಇಕ್ಕೆಲಗಳಲ್ಲಿ ಹಿಮದ ಗೋಡೆ ನೋಡಲು ಸಿಗುತ್ತದೆ. ಆದರೆ ಪಾಸ್ ತೆರೆಯುವ ದಿನ ಪ್ರತಿ ವರ್ಷ ಬದಲಾಗುತ್ತದೆ: ಒಮ್ಮೆ ಮೇ ಕೊನೆಗೆ, ಒಮ್ಮೆ ಜೂನ್ ಮಧ್ಯಕ್ಕೆ. ತೆರೆಯುವ ಮೊದಲೇ ಟಿಕೆಟ್ ಮಾಡುವವರು ಮನಾಲಿ ಕಡೆಯ ದಾರಿಯನ್ನು ನೆಚ್ಚಿಕೊಳ್ಳಬಾರದು. ಜುಲೈ, ಆಗಸ್ಟ್‌ನಲ್ಲಿ ಸ್ಪಿತಿಯೊಳಗೆ ಮಳೆ ಕಡಿಮೆ, ಬಟಾಣಿ ಗದ್ದೆಗಳು ಹಸಿರಾಗಿರುತ್ತವೆ. ತೊಂದರೆ ಇರುವುದು ಸ್ಪಿತಿಯಲ್ಲಲ್ಲ, ಅಲ್ಲಿಗೆ ತಲುಪುವ ದಾರಿಯಲ್ಲಿ. ಕಿನ್ನೌರ್, ಕುಲ್ಲು ಎರಡೂ ಕಡೆ ಮಳೆಗೆ ಗುಡ್ಡ ಕುಸಿದು ರಸ್ತೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಚ್ಚುತ್ತದೆ. 2023ರ ಜುಲೈಯಲ್ಲಿ ಚಂದ್ರತಾಲ್ ಸರೋವರದ ಬಳಿ ಅಕಾಲಿಕ ಹಿಮ ಬಿದ್ದು ನೂರಾರು ಪ್ರವಾಸಿಗರು ಹಲವು ದಿನ ಕ್ಯಾಂಪಿನಲ್ಲೇ ಸಿಕ್ಕಿಬಿದ್ದಿದ್ದರು. ಬೇಸಿಗೆಯ ತಿಂಗಳು ಎಂದಮಾತ್ರಕ್ಕೆ ಹಿಮ ಬರುವುದಿಲ್ಲ ಎಂದುಕೊಳ್ಳಬೇಡಿ.

ಅಕ್ಟೋಬರ್ ಮೊದಲ ವಾರದವರೆಗೂ ಹೋಗಬಹುದು. ಅದಾದ ಮೇಲೆ ಕುಂಜುಮ್ ಯಾವ ದಿನ ಬೇಕಾದರೂ ಮುಚ್ಚಬಹುದು.

ಶಿಮ್ಲಾ ಕಡೆಯಿಂದ ಹೋಗಬೇಕೋ, ಮನಾಲಿ ಕಡೆಯಿಂದಲೋ?

ಶಿಮ್ಲಾ ಕಡೆಯಿಂದ ಒಳಗೆ ಹೋಗಿ, ಮನಾಲಿ ಕಡೆಯಿಂದ ಹೊರಗೆ ಬನ್ನಿ. ಈ ಪುಟದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ಕಾರಣ ರಸ್ತೆಯ ಚೆಂದವಲ್ಲ, ನಿಮ್ಮ ದೇಹ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅಟಲ್ ಸುರಂಗ ದಾಟಿ, ಗ್ರಾಂಫೂ, ಛತ್ರು, ಬಾತಲ್ ಮಾರ್ಗವಾಗಿ ಹೊರಟರೆ ಅದೇ ದಿನ ಸಂಜೆಗೆ ಚಂದ್ರತಾಲ್ ಕ್ಯಾಂಪಿನಲ್ಲಿ 4,200 ಮೀಟರ್ ದಾಟಿ ಮಲಗುತ್ತೀರಿ, ಇಲ್ಲವೇ 4,551 ಮೀಟರ್‌ನ ಕುಂಜುಮ್ ದಾಟಿ ಕಾಜಾ ಸೇರುತ್ತೀರಿ. ಒಂದೇ ದಿನದಲ್ಲಿ ಎರಡು ಸಾವಿರ ಮೀಟರ್ ಏರಿಕೆಯನ್ನು ಯಾವ ದೇಹವೂ ಸುಲಭಕ್ಕೆ ಒಪ್ಪುವುದಿಲ್ಲ.

ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ನಾಕೋ, ತಾಬೋ ದಾರಿ ಸುಮಾರು 420 ಕಿಲೋಮೀಟರ್. ಮನಾಲಿ ದಾರಿಯ ಎರಡು ಪಟ್ಟು ಉದ್ದ. ಆ ಉದ್ದವೇ ನಿಮಗೆ ಅನುಕೂಲ: ಕಲ್ಪಾ 2,960 ಮೀಟರ್, ತಾಬೋ 3,280, ಆಮೇಲೆ ಕಾಜಾ, ಹೀಗೆ ಮಲಗುವ ಎತ್ತರ ಮೆಲ್ಲಗೆ ಏರುತ್ತದೆ. ಕುಂಜುಮ್ ದಾಟುವ ಹೊತ್ತಿಗೆ ರಕ್ತ, ಉಸಿರಾಟ ಎರಡೂ ತೆಳುಗಾಳಿಗೆ ಹೊಂದಿಕೊಂಡಿರುತ್ತವೆ. ಚಂದ್ರತಾಲ್ ಎತ್ತರದಲ್ಲಿ ಕಳೆಯುವ ಕೊನೆಯ ರಾತ್ರಿಯಾಗಬೇಕೇ ಹೊರತು ಮೊದಲ ರಾತ್ರಿಯಲ್ಲ.

ಶಿಮ್ಲಾ ಕಡೆಯ ಈ ಕಿನ್ನೌರ್ ದಾರಿ ಹಿಮಪಾತ, ಭೂಕುಸಿತದ ದಿನಗಳನ್ನು ಬಿಟ್ಟರೆ ವರ್ಷದ ಹೆಚ್ಚಿನ ಕಾಲ ತೆರೆದಿರುತ್ತದೆ. ಕುಂಜುಮ್ ದಾರಿ ಸರಿಸುಮಾರು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ.

ಎಷ್ಟು ದಿನ ಬೇಕು? ಎಲ್ಲೆಲ್ಲಿ ಉಳಿಯಬೇಕು?

ಚಂಡೀಗಢದಿಂದ ಚಂಡೀಗಢಕ್ಕೆ ಹನ್ನೊಂದು ದಿನ ಇಟ್ಟುಕೊಂಡರೆ ಓಡುವ ಪ್ರಮೇಯ ಬರುವುದಿಲ್ಲ. ಮೊದಲ ರಾತ್ರಿ ಶಿಮ್ಲಾ ಅಥವಾ ಸುಮಾರು 2,700 ಮೀಟರ್‌ನ ನಾರಕಂಡಾ. ಎರಡನೆಯ, ಮೂರನೆಯ ರಾತ್ರಿ ಕಲ್ಪಾ; ಅಲ್ಲಿ ಎರಡು ರಾತ್ರಿ ಕಳೆಯುವುದು ಸೋಮಾರಿತನವಲ್ಲ, ಮುಂದಿನ ದಿನಗಳಿಗೆ ಕಟ್ಟುವ ಬುನಾದಿ.

ನಾಲ್ಕನೆಯ ರಾತ್ರಿ ಹೆಚ್ಚಿನವರು ನಾಕೋದಲ್ಲಿ ನಿಲ್ಲುತ್ತಾರೆ. ನಾವು ಬೇರೆ ಹೇಳುತ್ತೇವೆ. ನಾಕೋ 3,600 ಮೀಟರ್ ದಾಟಿದೆ, ಮುಂದಿನ ತಾಬೋ ಅದಕ್ಕಿಂತ ಮುನ್ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ. ಆದ್ದರಿಂದ ನಾಕೋದಲ್ಲಿ ಮಧ್ಯಾಹ್ನದ ಊಟ ಮಾಡಿ, ಕೆರೆಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ, ರಾತ್ರಿಗೆ ತಾಬೋಗೆ ಇಳಿಯಿರಿ. ಹಗಲು ಮೇಲೆ, ರಾತ್ರಿ ಕೆಳಗೆ ಎಂಬ ಹಳೆಯ ನಿಯಮಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ.

ಐದನೆಯ ದಿನ ಧನಕರ್ ನೋಡಿಕೊಂಡು ಕಾಜಾ. ಆರು, ಏಳನೆಯ ರಾತ್ರಿಯೂ ಕಾಜಾದಲ್ಲೇ ಇರಿ: ಒಂದು ಹಗಲು ಕೀ, ಕಿಬ್ಬರ್, ಚಿಚಮ್ ಸೇತುವೆ, ಇನ್ನೊಂದು ಹಗಲು ಲಾಂಗ್ಝಾ, ಹಿಕ್ಕಿಮ್, ಕೋಮಿಕ್. ಎಂಟನೆಯ ರಾತ್ರಿ ಪಿನ್ ಕಣಿವೆಯ ಮುದ್ ಹಳ್ಳಿ, ಒಂಬತ್ತನೆಯದು ಚಂದ್ರತಾಲ್ ಕ್ಯಾಂಪ್, ಹತ್ತನೆಯದು ಮನಾಲಿ. ಮುದ್‌ನಿಂದ ಚಂದ್ರತಾಲ್ ಒಂದೇ ದಿನಕ್ಕೆ ದೂರವಾಯಿತು ಅನಿಸಿದರೆ ನಡುವೆ ಕಾಜಾ ಅಥವಾ ಲೋಸರ್‌ನಲ್ಲಿ ಒಂದು ರಾತ್ರಿ ಸೇರಿಸಿ. ಇದರ ಮೇಲೆ ರಸ್ತೆ ಮುಚ್ಚಿದರೆ ಬೇಕಾದೀತು ಎಂದು ಒಂದು ಬಿಡುವಿನ ದಿನ ಇರಲೇಬೇಕು. ವಾಪಸ್ ವಿಮಾನದ ಟಿಕೆಟ್ಟನ್ನು ಮನಾಲಿ ತಲುಪಿದ ಮರುದಿನದ ಮುಂಜಾನೆಗೆ ಕಟ್ಟಿಹಾಕಬೇಡಿ.

ರಜೆ ಆರೇ ದಿನ ಇದೆ. ಮನಾಲಿಯಿಂದಲೇ ಹೋಗಿ ಬಂದರೆ?

ಆರು ದಿನಕ್ಕೆ ಸ್ಪಿತಿ ಸಾಲದು. ಆ ರಜೆಯಲ್ಲಿ ಕಿನ್ನೌರ್‌ನ ಸಾಂಗ್ಲಾ, ಛಿತ್ಕುಲ್, ಕಲ್ಪಾ ನೋಡಿ ಬನ್ನಿ. ಅದೂ ಅಪರೂಪದ ಕಣಿವೆಯೇ. ಮನಾಲಿಯಿಂದಲೇ ಹೋಗಬೇಕಾದ ಅನಿವಾರ್ಯ ಇದ್ದರೆ ಮನಾಲಿಯಲ್ಲಿ ಒಂದು ರಾತ್ರಿ, ಸುರಂಗದಾಚೆ ಸುಮಾರು 3,100 ಮೀಟರ್‌ನ ಸಿಸ್ಸುವಿನಲ್ಲಿ ಎರಡು ರಾತ್ರಿ ಇದ್ದು ಮುಂದೆ ಹೊರಡಿ. ಚಂದ್ರತಾಲ್ ತಂಗುವಿಕೆಯನ್ನು ಆಗಲೂ ವಾಪಸ್ ಬರುವ ಹೊತ್ತಿಗೆ ಇಟ್ಟುಕೊಳ್ಳಿ.

ಎತ್ತರದ ಕಾಯಿಲೆಯನ್ನು ಗುರುತಿಸುವುದು ಹೇಗೆ?

ಕಾಜಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಎಲ್ಲೆಡೆ 21 ಶೇಕಡಾವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ದೇಹ ಇದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು.

ತಲೆನೋವು, ಜೊತೆಗೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಎತ್ತರದ ಕಾಯಿಲೆಯೇ ಎಂದು ತಿಳಿದು ನಡೆದುಕೊಳ್ಳಿ. ಸಾಮಾನ್ಯವಾಗಿ ಇದು ಎತ್ತರಕ್ಕೆ ತಲುಪಿದ ಆರರಿಂದ ಹನ್ನೆರಡು ಗಂಟೆಯ ನಂತರ ಕಾಣಿಸುತ್ತದೆ. ಅದಕ್ಕೇ ಮಧ್ಯಾಹ್ನ ಚಂದ್ರತಾಲ್ ದಂಡೆಯಲ್ಲಿ ಚೆನ್ನಾಗಿದ್ದವರು ನಡುರಾತ್ರಿ ನರಳುತ್ತಾರೆ. “ಬಿಸಿಲು ಹೊಡೆದಿದೆ”, “ದಾರಿಯ ತಿಂಡಿ ಹಿಡಿಸಲಿಲ್ಲ” ಎಂದು ತಳ್ಳಿಹಾಕುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಲಕ್ಷಣ ಇರುವಾಗ ಇನ್ನೂ ಮೇಲೆ ಹೋಗಬಾರದು. ಅಲ್ಲೇ ವಿಶ್ರಾಂತಿ, ನೀರು, ಬೇಕಾದರೆ ಪ್ಯಾರಾಸಿಟಮಾಲ್. ಒಂದು ದಿನದಲ್ಲಿ ಸುಧಾರಿಸದಿದ್ದರೆ ಕೆಳಗಿಳಿಯಿರಿ.

ಎರಡು ಸ್ಥಿತಿಗಳು ಪ್ರಾಣಕ್ಕೇ ಎರವಾಗುತ್ತವೆ. ಒಂದು, ಮಿದುಳು ಊದಿಕೊಳ್ಳುವುದು: ಮಾತು ತೊದಲುತ್ತದೆ, ಗೊಂದಲವಾಗುತ್ತದೆ, ನಡಿಗೆ ತಪ್ಪುತ್ತದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ಇಡಿಸಿ ನೋಡಿ. ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಇನ್ನೊಂದು, ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಎರಡಕ್ಕೂ ನಿಜವಾದ ಚಿಕಿತ್ಸೆ ಕೆಳಗಿಳಿಸುವುದು ಮತ್ತು ಆಸ್ಪತ್ರೆಯ ಆಮ್ಲಜನಕ.

ಅಂಗಡಿಯಲ್ಲಿ ಸಿಗುವ ಸಣ್ಣ ಆಮ್ಲಜನಕದ ಕ್ಯಾನ್ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ನಂಬಿ ಇಳಿಯುವುದನ್ನು ಮುಂದೂಡಬೇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ ಒಳ್ಳೆಯದೇ. ಆದರೆ ಕಾಜಾದಲ್ಲಿ ಆರೋಗ್ಯವಂತರಿಗೂ 85ರಿಂದ 90ರ ಆಸುಪಾಸು ತೋರಿಸುವುದು ಸಾಮಾನ್ಯ. ಅಂಕಿ ನೋಡಿ ಗಾಬರಿಯೂ ಬೇಡ, ಧೈರ್ಯವೂ ಬೇಡ. ಮನುಷ್ಯ ಹೇಗಿದ್ದಾನೆ ಎಂಬುದನ್ನು ನೋಡಿ.

ಎತ್ತರದ ಕಾಯಿಲೆ ಬರದಂತೆ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೇ?

ನಿಧಾನವಾಗಿ ಕಿನ್ನೌರ್ ಕಡೆಯಿಂದ ಏರುವ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಹಿಂದೆ ಎತ್ತರದ ಕಾಯಿಲೆ ಬಂದವರು, ಮನಾಲಿಯಿಂದ ಬೇಗ ಏರಲೇಬೇಕಾದವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ದೊಡ್ಡವರಿಗೆ ಮುನ್ನೆಚ್ಚರಿಕೆಗಾಗಿ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುವುದು, ಮೂತ್ರ ಹೆಚ್ಚುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಸಲ್ಫಾ ಔಷಧಿಗಳು ಒಗ್ಗದವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮಾತ್ರೆ ದೇಹ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ ಅಷ್ಟೇ. ಮಾತ್ರೆ ನುಂಗಿದ್ದೇವೆಂದು ಒಂದೇ ದಿನಕ್ಕೆ ಎರಡು ಸಾವಿರ ಮೀಟರ್ ಏರಬಹುದು ಎಂದಲ್ಲ.

ಮೊದಲ ಎರಡು ಮೂರು ದಿನ ಮದ್ಯವನ್ನೂ ನಿದ್ದೆ ಮಾತ್ರೆಯನ್ನೂ ಮುಟ್ಟಬೇಡಿ. ಎರಡೂ ನಿದ್ದೆಯಲ್ಲಿ ಉಸಿರಾಟವನ್ನು ಕುಗ್ಗಿಸಬಲ್ಲವು.

ದಿನಾ ಓಡುತ್ತೇನೆ, ಕುಮಾರ ಪರ್ವತ ಸಲೀಸಾಗಿ ಹತ್ತುತ್ತೇನೆ. ನನಗೂ ಆಗುತ್ತದೆಯೇ?

ಆಗಬಹುದು. ದೇಹದಾರ್ಢ್ಯಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವರೇ ಮೊದಲ ದಿನ ಜೋರಾಗಿ ನಡೆದು ಹಾಸಿಗೆ ಹಿಡಿಯುವುದುಂಟು.

ಯಾರಿಗಾದರೂ ತೀವ್ರವಾದರೆ ಎತ್ತ ಇಳಿಯಬೇಕು?

ಇದನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಸ್ಪಿತಿಯಲ್ಲಿ “ಕೆಳಗೆ” ಎಂಬುದು ಎಲ್ಲ ಕಡೆಯೂ ಇಲ್ಲ. ಕಾಜಾದಿಂದ ಮನಾಲಿ ಹತ್ತಿರ ಎಂದು ಹೊರಟರೆ ರೋಗಿಯನ್ನು ಮೊದಲು 4,551 ಮೀಟರ್‌ಗೆ ಏರಿಸಿದಂತಾಗುತ್ತದೆ. ಕಾಜಾ ಅಥವಾ ಸುತ್ತಲ ಹಳ್ಳಿಗಳಲ್ಲಿ ಕಾಯಿಲೆಯಾದರೆ ಮೊದಲು ಕಾಜಾದ ಸಮುದಾಯ ಆರೋಗ್ಯ ಕೇಂದ್ರ, ಅಲ್ಲಿಂದ ಇಳಿಸಬೇಕೆಂದರೆ ತಾಬೋ, ಸುಮ್ದೋ, ರೆಕಾಂಗ್ ಪಿಯೋ ದಿಕ್ಕು. ಚಂದ್ರತಾಲ್‌ನಲ್ಲಿ ಆದರೆ ತಿರುಗಾಮುರುಗಾ: ಕಾಜಾ ಕಡೆ ಹೋಗಲು ಕುಂಜುಮ್ ಏರಬೇಕು, ಆದ್ದರಿಂದ ಬಾತಲ್, ಛತ್ರು ಮೂಲಕ ಸಿಸ್ಸು, ಮನಾಲಿ ಕಡೆಗೇ ಇಳಿಸಿ. ಛತ್ರು ತಲುಪುವಷ್ಟರಲ್ಲೇ ಸುಮಾರು ಒಂಬೈನೂರು ಮೀಟರ್ ಇಳಿದಿರುತ್ತೀರಿ.

ಆಂಬುಲೆನ್ಸ್‌ಗೆ 108, ಸಾಮಾನ್ಯ ತುರ್ತಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಚಂದ್ರತಾಲ್ ಸುತ್ತ ಮೊಬೈಲ್ ನೆಚ್ಚುವಂತಿಲ್ಲ. ರಾತ್ರಿ ಹೊರಡಬೇಕಾಗಿ ಬಂದರೆ ನಿಮ್ಮ ಚಾಲಕ ಎಲ್ಲಿ ಮಲಗಿದ್ದಾನೆ ಎಂಬುದು ಗೊತ್ತಿರಲಿ.

ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗಬಹುದೇ?

ಕಿನ್ನೌರ್ ದಾರಿಯಲ್ಲಿ ನಿಧಾನಕ್ಕೆ ಹೋದರೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು, ಆರೋಗ್ಯವಾಗಿರುವ ಹಿರಿಯರು ಕಾಜಾವರೆಗೆ ಹೋಗಿಬರುತ್ತಾರೆ. ತಲೆನೋವನ್ನು ಬಾಯಿಬಿಟ್ಟು ಹೇಳಲಾರದ ಪುಟ್ಟ ಮಕ್ಕಳನ್ನು ಕರೆದೊಯ್ಯುವುದು ನಮ್ಮ ಅಭಿಪ್ರಾಯದಲ್ಲಿ ಬೇಡ. ಮಗು ಅಳುವುದು ಸುಸ್ತಿಗೋ ಕಾಯಿಲೆಗೋ ತಿಳಿಯುವುದಿಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಹಿರಿಯರಿದ್ದರೆ ಚಂದ್ರತಾಲ್‌ನಲ್ಲಿ ರಾತ್ರಿ ತಂಗುವುದನ್ನು ಬಿಟ್ಟುಬಿಡಿ.

ಪರ್ಮಿಟ್ ಬೇಕೇ?

ಭಾರತೀಯರಿಗೆ ಸ್ಪಿತಿಯ ಊರುಗಳನ್ನು ನೋಡಲು ಇನ್ನರ್ ಲೈನ್ ಪರ್ಮಿಟ್ (ಗಡಿಪ್ರದೇಶಕ್ಕೆ ಹೋಗಲು ಪಡೆಯುವ ಅನುಮತಿ) ಬೇಡ. ಗಡಿಗೆ ಹತ್ತಿರದ ರಸ್ತೆಯಾದ್ದರಿಂದ ಚೆಕ್‌ಪೋಸ್ಟ್‌ಗಳಲ್ಲಿ ಗುರುತಿನ ಚೀಟಿ ತೋರಿಸಬೇಕಾಗುತ್ತದೆ, ಮೂಲಪ್ರತಿ ಕೈಯಲ್ಲಿರಲಿ. ವಿದೇಶಿ ಗೆಳೆಯರು ಜೊತೆಗಿದ್ದರೆ ಅವರಿಗೆ ಕಿನ್ನೌರ್‌ನಿಂದ ಸುಮ್ದೋವರೆಗಿನ ಗಡಿಭಾಗಕ್ಕೆ ಪರ್ಮಿಟ್ ಬೇಕು. ರೆಕಾಂಗ್ ಪಿಯೋದಲ್ಲಿ ಮಾಡಿಸಬಹುದು, ಕಚೇರಿ ರಜೆಯ ದಿನ ನೋಡಿಕೊಳ್ಳಿ. ಮನಾಲಿ ಕಡೆಯಲ್ಲಿ ಅಟಲ್ ಸುರಂಗದ ಮೂಲಕ ಹೋದರೆ ರೋಹ್ತಾಂಗ್ ಪರ್ಮಿಟ್ ಬೇಡ. 3,978 ಮೀಟರ್‌ನ ಹಳೆಯ ರೋಹ್ತಾಂಗ್ ಪಾಸ್ ಹತ್ತಿ ಹೋಗುವವರಿಗೆ ಬೇಕು.

ಬಸ್ಸಿನಲ್ಲೇ ಹೋಗಬಹುದೇ?

ಖಂಡಿತ. ಹಿಮಾಚಲದ ಸರಕಾರಿ ಬಸ್ ರೆಕಾಂಗ್ ಪಿಯೋದಿಂದ ಮುಂಜಾನೆ ಹೊರಟು ಸಂಜೆಗೆ ಕಾಜಾ ಸೇರುತ್ತದೆ. ದೂರ ಸುಮಾರು 200 ಕಿಲೋಮೀಟರ್ ಆದರೂ ಇಡೀ ದಿನ ಹಿಡಿಯುತ್ತದೆ. ಹೊರಡುವ ಸಮಯವನ್ನು ಹಿಂದಿನ ಸಂಜೆ ನಿಲ್ದಾಣದಲ್ಲೇ ಕೇಳಿ ಸೀಟು ಹಿಡಿಯಿರಿ. ಪ್ರಪಾತದ ಕಡೆಯ ಕಿಟಕಿ ಬಲಗಡೆಯೋ ಎಡಗಡೆಯೋ ಎಂಬುದು ನದಿ ದಾಟಿದಾಗಲೆಲ್ಲ ಬದಲಾಗುತ್ತದೆ. ಅದಕ್ಕಾಗಿ ಜಾಗ ಆರಿಸಬೇಡಿ, ಹಿಂದಿನ ಚಕ್ರದ ಮೇಲಿನ ಸೀಟು ತಪ್ಪಿಸಿದರೆ ಸಾಕು. ಬೇಸಿಗೆಯಲ್ಲಿ ಮನಾಲಿ, ಕಾಜಾ ನಡುವೆಯೂ ಬಸ್ ಇರುತ್ತದೆ. ಕಾಜಾದಿಂದ ಹಳ್ಳಿಗಳಿಗೆ ಬಸ್ ವಿರಳ. ಅಲ್ಲಿಗೆ ಕಾಜಾ ಟ್ಯಾಕ್ಸಿ ಯೂನಿಯನ್‌ನ ಗಾಡಿಯನ್ನು ನಾಲ್ಕೈದು ಜನ ಸೇರಿ ಮಾಡಿಕೊಂಡರೆ ಖರ್ಚು ಹಗುರ.

ಸ್ವಂತ ಕಾರು, ಬೈಕ್ ಒಯ್ಯಬಹುದೇ? ನಾಲಾ ದಾಟುವುದು ಹೇಗೆ?

ಕಿನ್ನೌರ್ ಕಡೆಯಿಂದ ಕಾಜಾವರೆಗೆ ಸಣ್ಣ ಕಾರೂ ಹೋಗುತ್ತದೆ. ಲೋಸರ್ ದಾಟಿ ಗ್ರಾಂಫೂವರೆಗಿನ ದಾರಿ ಬೇರೆಯೇ ಲೆಕ್ಕ. ಬಹುಪಾಲು ಕಲ್ಲು, ಮಣ್ಣು, ಹರಿಯುವ ನೀರು. ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿಲೋಮೀಟರಿಗೆ ಮೂರು ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ನೆಲದಿಂದ ಎತ್ತರ ಕಡಿಮೆ ಇರುವ ಕಾರಿನ ಎಂಜಿನ್ ಆಯಿಲ್ ಸಂಪ್ ಕಲ್ಲಿಗೆ ಬಡಿದು ಒಡೆಯುವುದು ಇಲ್ಲಿ ಮಾಮೂಲು. ಒಡೆದರೆ ಗಾಡಿ ಅಲ್ಲಿಗೇ ನಿಂತಿತು, ಹತ್ತಿರದ ಮೆಕ್ಯಾನಿಕ್ ಮನಾಲಿಯಲ್ಲೋ ಕಾಜಾದಲ್ಲೋ ಇರುತ್ತಾನೆ.

ನಾಲಾ ಎಂದರೆ ಮೇಲಿನ ಹಿಮನದಿಯಿಂದ ಕರಗಿ ರಸ್ತೆಯ ಮೇಲೆಯೇ ಹರಿಯುವ ತೊರೆ. ಬಿಸಿಲೇರಿದಷ್ಟೂ ಹಿಮ ಕರಗಿ ನೀರು ಏರುತ್ತದೆ. ಬೆಳಿಗ್ಗೆ ಎಂಟಕ್ಕೆ ಪಾದ ನೆನೆಯುವಷ್ಟಿದ್ದದ್ದು ಮಧ್ಯಾಹ್ನ ಮೂರಕ್ಕೆ ಮೊಣಕಾಲು ದಾಟಬಹುದು. ಆದ್ದರಿಂದ ಚಂದ್ರತಾಲ್‌ನಿಂದ ಬೆಳಗಿನ ಜಾವವೇ ಹೊರಟು ಹನ್ನೊಂದರೊಳಗೆ ಛತ್ರು ದಾಟುವಂತೆ ನೋಡಿಕೊಳ್ಳಿ.

ಬೈಕ್‌ನವರು ಮೊದಲು ಇಳಿದು ನೀರು ಎಷ್ಟಿದೆ, ತಳದಲ್ಲಿ ಕಲ್ಲು ಯಾವ ಗಾತ್ರದ್ದು ಎಂದು ನೋಡಿ, ಮುಂದೆ ಹೋದ ಗಾಡಿಯ ಜಾಡು ಗಮನಿಸಿ. ಮೊದಲ ಗೇರ್, ಒಂದೇ ಸಮನಾದ ಆಕ್ಸಿಲರೇಟರ್, ನೋಟ ಆಚೆ ದಡದ ಮೇಲೆ. ನಡುವೆ ಕ್ಲಚ್ ಹಿಡಿದರೆ, ನೀರನ್ನೇ ನೋಡುತ್ತ ಕುಳಿತರೆ ಬೈಕ್ ಮಗುಚುತ್ತದೆ. ಹಿಂದೆ ಕುಳಿತವರು ಇಳಿದು ನಡೆದು ದಾಟಲಿ. ನೀರು ಏರ್ ಫಿಲ್ಟರ್ ಮಟ್ಟಕ್ಕೆ ಬರುವಂತಿದ್ದರೆ ಕಾಯುವುದೇ ಸರಿ. ನಡುನೀರಿನಲ್ಲಿ ಗಾಡಿ ಆಫ್ ಆಗಿ, ಎಂಜಿನ್ನಿಗೆ ನೀರು ಹೋಗಿರಬಹುದು ಎಂಬ ಅನುಮಾನವಿದ್ದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರಿರುವಾಗ ಪಿಸ್ಟನ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ದಡ ಸೇರಿಸಿ, ಪ್ಲಗ್ ಬಿಚ್ಚಿ ನೀರು ಹೊರಹಾಕಿ.

ಜೊತೆಗಿರಲಿ: ಪಂಕ್ಚರ್ ಕಿಟ್, ಗಾಳಿ ಪಂಪ್, ಟ್ಯೂಬ್ ಇರುವ ಗಾಡಿಗೆ ಎರಡು ಟ್ಯೂಬ್, ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್, ಚೈನ್ ಲೂಬ್, ಕಟ್ಟುವ ಹಗ್ಗ. ಕಾರ್ಬ್ಯುರೇಟರ್ ಇರುವ ಹಳೆಯ ಬೈಕ್ ಎತ್ತರದಲ್ಲಿ ಗಾಳಿ ಸಾಲದೆ ಉಸಿರುಗಟ್ಟಿದಂತೆ ಓಡುತ್ತದೆ; ಶಕ್ತಿ ಕಡಿಮೆಯಾಯಿತೆಂದು ಹೆದರಬೇಕಿಲ್ಲ.

ಪೆಟ್ರೋಲ್, ಹಣ, ಮೊಬೈಲ್?

ಕಣಿವೆಯೊಳಗೆ ಪೆಟ್ರೋಲ್ ನೆಚ್ಚಿಕೊಳ್ಳಬಹುದಾದದ್ದು ಕಾಜಾದಲ್ಲಿ ಮಾತ್ರ. ಕಿನ್ನೌರ್ ಕಡೆಯಿಂದ ಬರುವವರು ರೆಕಾಂಗ್ ಪಿಯೋ ಕೆಳಗಿನ ಪೊವಾರಿಯಲ್ಲಿ, ಮನಾಲಿ ಕಡೆಯಿಂದ ಬರುವವರು ಮನಾಲಿಯಲ್ಲೇ ಟ್ಯಾಂಕ್ ತುಂಬಿಸಬೇಕು. ಮನಾಲಿಯಿಂದ ಕಾಜಾ ಸುಮಾರು 200 ಕಿಲೋಮೀಟರ್, ಅದಕ್ಕೆ ಚಂದ್ರತಾಲ್ ಸುತ್ತು ಸೇರಿಸಿ. ಕೆಟ್ಟ ದಾರಿಯಲ್ಲಿ ಮೈಲೇಜ್ ಇಳಿಯುವುದನ್ನೂ ಲೆಕ್ಕ ಹಾಕಿ.

ಕಾಜಾದಲ್ಲಿ ಎಟಿಎಂ ಇದೆ, ಆದರೆ ಕರೆಂಟು ಹೋದಾಗ, ನೆಟ್‌ವರ್ಕ್ ಇಲ್ಲದಾಗ, ಹಣ ಖಾಲಿಯಾದಾಗ ಅದು ಇದ್ದೂ ಇಲ್ಲದಂತೆ. ಇಡೀ ಪ್ರವಾಸದ ಖರ್ಚನ್ನು ನಗದಾಗಿ, ಅದರಲ್ಲೂ ನೂರು ಇನ್ನೂರರ ನೋಟುಗಳಾಗಿ ಒಯ್ಯಿರಿ. ಹಳ್ಳಿಯ ಹೋಂಸ್ಟೇಯಲ್ಲಿ ಫೋನ್ ಮೂಲಕ ಹಣ ಕಳಿಸುತ್ತೇನೆ ಎಂದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದೀತು.

ಸಿಮ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡದಿರುವುದು ಲಡಾಖ್ ಮತ್ತು ಜಮ್ಮು ಕಾಶ್ಮೀರದಲ್ಲಿ. ಸ್ಪಿತಿಯಲ್ಲಿ ಪ್ರೀಪೇಯ್ಡ್ ನಡೆಯುತ್ತದೆ. ಬಿಎಸ್‌ಎನ್‌ಎಲ್ ಮತ್ತು ಜಿಯೋ ಎರಡೂ ಗುಂಪಿನಲ್ಲಿ ಯಾರ ಬಳಿಯಾದರೂ ಇದ್ದರೆ ಚೆನ್ನ. ಲೋಸರ್‌ನಿಂದ ಗ್ರಾಂಫೂವರೆಗೆ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ. ಆ ದಾರಿಗೆ ಇಳಿಯುವ ಮುನ್ನ ಮನೆಗೆ ಹೇಳಿಬಿಡಿ, ಇಲ್ಲವಾದರೆ ಅವರು ಎರಡು ದಿನ ನಿದ್ದೆಗೆಡುತ್ತಾರೆ.

ಚಂದ್ರತಾಲ್ ದಂಡೆಯಲ್ಲಿ ಟೆಂಟ್ ಹಾಕಬಹುದೇ?

ಇಲ್ಲ. ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2005ರಲ್ಲಿ ಸೇರಿದ ಸರೋವರ ಅದು. ಕ್ಯಾಂಪ್‌ಗಳು ಸರೋವರದಿಂದ ಎರಡು ಮೂರು ಕಿಲೋಮೀಟರ್ ಹಿಂದಿವೆ. ಗಾಡಿ ನಿಲ್ಲಿಸಿ ಕೊನೆಯ ದೂರವನ್ನು ನಡೆದೇ ಹೋಗಬೇಕು. ನೀರಿಗೆ ಇಳಿಯುವುದು, ಈಜುವುದು ಬೇಡ. ನೀರು ಮೈಮರಗಟ್ಟಿಸುವಷ್ಟು ತಣ್ಣಗಿರುತ್ತದೆ, ಹಿಂದೆ ಜೀವಹಾನಿಯೂ ಆಗಿದೆ.

ಒಂದು ದಿನದ ನಡಿಗೆಗೆ ಯಾವ ದಾರಿಗಳು ಚೆನ್ನ?

ಮೊದಲಿಗೆ ಧನಕರ್ ಸರೋವರ. ಧನಕರ್ ಹಳ್ಳಿಯಿಂದ ಸುಮಾರು 250 ಮೀಟರ್ ಏರಿಕೆ, ಒಂದರಿಂದ ಒಂದೂವರೆ ಗಂಟೆ. ದೇಹ ಎಷ್ಟು ಹೊಂದಿಕೊಂಡಿದೆ ಎಂದು ತಿಳಿಯಲು ಒಳ್ಳೆಯ ಪರೀಕ್ಷೆ. ಮಾತಾಡುತ್ತ ನಡೆಯಲು ಆಗುತ್ತಿಲ್ಲ ಎಂದರೆ ವೇಗ ಹೆಚ್ಚಾಯಿತು.

ನಮಗೆ ಅತ್ಯಂತ ಪ್ರಿಯವಾದದ್ದು ಲಾಂಗ್ಝಾ, ಹಿಕ್ಕಿಮ್, ಕೋಮಿಕ್ ಹಳ್ಳಿಗಳ ನಡುವಿನ ನಡಿಗೆ. ಮೂರೂ 4,400 ಮೀಟರ್ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲಿವೆ, ಕೋಮಿಕ್ 4,587. ಗಾಡಿಯಲ್ಲಿ ಕೋಮಿಕ್‌ಗೆ ಹೋಗಿ ಅಲ್ಲಿಂದ ಹಿಕ್ಕಿಮ್‌ಗೆ ಇಳಿದು ನಡೆದರೆ ಏರಿಕೆ ಹೆಚ್ಚಿರುವುದಿಲ್ಲ. ಹಿಕ್ಕಿಮ್‌ನ ಅಂಚೆ ಕಚೇರಿ 1983ರಿಂದ ಇದೆ. ಅಲ್ಲಿಂದ ಮನೆಗೆ ಕಾರ್ಡ್ ಹಾಕುವ ಆಸೆಯಿದ್ದರೆ ಕಾರ್ಡು, ವಿಳಾಸ ಮೊದಲೇ ಬರೆದಿಟ್ಟುಕೊಂಡು ಹೋಗಿ. ಕಾರ್ಡ್ ನಿಮ್ಮ ನಂತರವೇ ಮನೆ ತಲುಪುತ್ತದೆ. ಮೋಡವಿಲ್ಲದ ದಿನ ಈ ದಾರಿಯಲ್ಲಿ ನೆರಳೇ ಇಲ್ಲ, ಎರಡು ಲೀಟರ್ ನೀರಿಗಿಂತ ಕಡಿಮೆ ಒಯ್ಯಬೇಡಿ.

ಕಿಬ್ಬರ್‌ನಿಂದ ಚಿಚಮ್ ಸೇತುವೆವರೆಗಿನದು ಸುಲಭದ ನಡಿಗೆ. 2017ರಲ್ಲಿ ಸೇತುವೆ ತೆರೆಯುವ ಮುನ್ನ ಜನ ತಂತಿಗೆ ತೂಗುಹಾಕಿದ ಬುಟ್ಟಿಯಲ್ಲಿ ಕುಳಿತು ಆ ಕಮರಿ ದಾಟುತ್ತಿದ್ದರು. ಕಿಬ್ಬರ್ ಮೇಲಿನ 5,964 ಮೀಟರ್‌ನ ಕನಾಮೋ ಶಿಖರ ಒಂದು ದಿನದ ಮಾತಲ್ಲ. ಹಗ್ಗ ಬೇಡವಾದರೂ ಕಾಜಾ, ಕಿಬ್ಬರ್‌ಗಳಲ್ಲಿ ಹಲವು ರಾತ್ರಿ ಕಳೆದ ಮೇಲೆ, ಸ್ಥಳೀಯ ಗೈಡ್ ಜೊತೆ ಮಾತ್ರ.

ಪಿನ್ ಭಾಬಾ ಟ್ರೆಕ್ ಮೊದಲ ಬಾರಿಗೆ ಮಾಡಬಹುದೇ?

ಮೊದಲ ಹಿಮಾಲಯ ಟ್ರೆಕ್ ಆಗಿ ಬೇಡ. ಎರಡು ಮೂರು ಟ್ರೆಕ್ ಮಾಡಿ ನಾಲ್ಕು ಸಾವಿರ ಮೀಟರ್‌ನಲ್ಲಿ ದೇಹ ಹೇಗಿರುತ್ತದೆಂದು ಬಲ್ಲವರಿಗೆ ಇದು ಅದ್ಭುತ. ಕಿನ್ನೌರ್‌ನ ಕಾಫ್ನುವಿನಿಂದ ಹೊರಟು ಮುಲ್ಲಿಂಗ್, ಕಾರಾ, ಫುಸ್ತಿರಂಗ್ ದಾಟಿ, ಸುಮಾರು 4,900 ಮೀಟರ್‌ನ ಪಾಸ್ ಏರಿ ಪಿನ್ ಕಣಿವೆಯ ಮುದ್‌ಗೆ ಇಳಿಯುವುದು. ಪಾಸ್‌ನ ಹಿಂದೆ ಹಸಿರು ಹುಲ್ಲುಗಾವಲು, ಮುಂದೆ ಕಂದು ನೇರಳೆ ಬಣ್ಣದ ಬೋಳು ಬೆಟ್ಟ. ಕಾಫ್ನು ಕಡೆಯಿಂದಲೇ ಮಾಡಿ, ಏರಿಕೆ ದಿನದಿಂದ ದಿನಕ್ಕೆ ಹಂತ ಹಂತವಾಗಿರುತ್ತದೆ. ಪಾಸ್ ದಾಟುವ ದಿನ ಕತ್ತಲಿರುವಾಗಲೇ ಹೊರಟು ಮಧ್ಯಾಹ್ನದೊಳಗೆ ಆಚೆ ಇಳಿದಿರಬೇಕು. ಆಮೇಲೆ ಮೋಡ ಕವಿಯುತ್ತದೆ, ಹಿಮ ಮೆತ್ತಗಾಗಿ ಕಾಲು ಹೂತುಕೊಳ್ಳುತ್ತದೆ. ಈ ಭಾಗದಲ್ಲಿ 1987ರಲ್ಲಿ ಘೋಷಿಸಿದ ಪಿನ್ ವ್ಯಾಲಿ ರಾಷ್ಟ್ರೀಯ ಉದ್ಯಾನ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಗೈಡ್ ಮಾಡಿಸಿದ್ದಾನೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಬಟ್ಟೆಬರೆ ಏನು ಒಯ್ಯಬೇಕು?

ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರ ಮೇಲು: ಒಳಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ರಾತ್ರಿಗೆ ಡೌನ್ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು, ಉಣ್ಣೆ ಕಾಲುಚೀಲ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಬನಿಯನ್ ನಡಿಗೆಗೆ ಬೇಡ. ಬಿಸಿಲು ಇಲ್ಲಿ ಚಳಿಯಷ್ಟೇ ಕಾಡುತ್ತದೆ. ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಯುವಿ ತಡೆಯುವ ಕನ್ನಡಕ, ತುಟಿಗೆ ಲಿಪ್ ಬಾಮ್ ಮರೆಯಬೇಡಿ. ಒಣಗಾಳಿಗೆ ಮೂಗಿನೊಳಗೆ ಬಿರಿದು ರಕ್ತ ಬರುವುದುಂಟು, ರಾತ್ರಿ ಸ್ವಲ್ಪ ವ್ಯಾಸಲೀನ್ ಸವರಿದರೆ ತಡೆಯಬಹುದು. ಮೊಬೈಲ್, ಕ್ಯಾಮೆರಾ ಬ್ಯಾಟರಿಗಳನ್ನು ರಾತ್ರಿ ಹೊದಿಕೆಯೊಳಗೇ ಇಟ್ಟುಕೊಳ್ಳಿ. ಚಳಿಗೆ ಚಾರ್ಜ್ ಇಳಿದುಹೋಗುತ್ತದೆ.

ಊಟ, ನೀರು, ಶೌಚಾಲಯ ಹೇಗೆ?

ಹೋಂಸ್ಟೇಯಲ್ಲಿ ಅನ್ನ, ದಾಲ್, ರೊಟ್ಟಿ, ತರಕಾರಿ, ತುಕ್ಪಾ (ನೂಡಲ್ಸ್ ಸೂಪ್), ಮೊಮೊ ಸಿಗುತ್ತದೆ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಎತ್ತರದಲ್ಲಿ ಹಸಿವು ಕಡಿಮೆ ಎನಿಸಿದರೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಿ. ಕುಡಿಯಲು ಕಾಯಿಸಿ ಆರಿಸಿದ ನೀರನ್ನು ಮನೆಯವರಲ್ಲಿ ಕೇಳಿ ಸ್ಟೀಲ್ ಬಾಟಲಿಗೆ ತುಂಬಿಕೊಳ್ಳಿ. ಇಲ್ಲಿ ಎಸೆದ ಪ್ಲಾಸ್ಟಿಕ್ ಬಾಟಲಿಯನ್ನು ಹೊತ್ತೊಯ್ಯಲು ಯಾರೂ ಬರುವುದಿಲ್ಲ. ನೀವು ತಂದದ್ದನ್ನು ನೀವೇ ಮನಾಲಿ, ಶಿಮ್ಲಾಕ್ಕೆ ವಾಪಸ್ ಒಯ್ಯಬೇಕು.

ಹಳ್ಳಿಗಳಲ್ಲಿ ಒಣ ಶೌಚಾಲಯ ಇರುತ್ತದೆ. ಬಳಸಿದ ಮೇಲೆ ಪಕ್ಕದಲ್ಲಿಟ್ಟ ಮಣ್ಣನ್ನೋ ಬೂದಿಯನ್ನೋ ಸಲಿಕೆಯಿಂದ ಸುರಿಯಬೇಕು. ನೀರು ಹಾಕಬೇಡಿ, ಸ್ಯಾನಿಟರಿ ಪ್ಯಾಡ್, ವೆಟ್ ವೈಪ್ಸ್ ಹಾಕಲೇಬೇಡಿ. ಅದೇ ಮುಂದೆ ಹೊಲಕ್ಕೆ ಗೊಬ್ಬರವಾಗುತ್ತದೆ. ಒಂದು ಪ್ಯಾಡ್ ಬಿದ್ದರೂ ಮನೆಯವರು ಕೈಯಿಂದ ಆರಿಸಬೇಕಾಗುತ್ತದೆ.

ಗೊಂಪಾಗಳಲ್ಲಿ (ಬೌದ್ಧ ಮಠಗಳಲ್ಲಿ) ಏನು ಗಮನಿಸಬೇಕು? ಲಾಂಗ್ಝಾದ ಪಳೆಯುಳಿಕೆ ತರಬಹುದೇ?

ತಾಬೋ ಗೊಂಪಾ ಸ್ಥಾಪನೆಯಾದದ್ದು 996ರಲ್ಲಿ. ಮಣ್ಣಿನ ಗೋಡೆಯ ಮೇಲಿನ ಚಿತ್ರಗಳು ಬೆಳಕಿಗೂ ತೇವಕ್ಕೂ ಬೇಗ ಹಾಳಾಗುವುದರಿಂದ ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಒಳಗೆ ಕತ್ತಲು, ಸಣ್ಣ ಟಾರ್ಚ್ ಬಗ್ಗೆ ಭಿಕ್ಷುಗಳನ್ನೇ ಕೇಳಿ. ಚೋರ್ಟೆನ್ (ಸ್ತೂಪ), ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆಗಳನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯಾಗಿ ಸುತ್ತಿ. ಕುಂಜುಮ್ ಮೇಲೆ ಗಾಡಿಗಳೂ ದೇವಿಯ ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತವೆ.

ಹಿಮಾಲಯ ಏಳುವ ಮೊದಲು ಇಲ್ಲಿ ಟೆಥಿಸ್ ಸಮುದ್ರವಿತ್ತು. ಅದರ ತಳದಲ್ಲಿದ್ದ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಪಳೆಯುಳಿಕೆಗಳು ಲಾಂಗ್ಝಾ ಸುತ್ತಲಿನ ಕಪ್ಪು ಜೇಡಿಪದರಗಳಲ್ಲಿ ಕಾಣುತ್ತವೆ. ಮಕ್ಕಳು ತಂದು ತೋರಿಸಿದರೂ ಕೊಳ್ಳಬೇಡಿ, ಆರಿಸಿ ತರಬೇಡಿ. ಕೊಳ್ಳುವವರು ಇರುವವರೆಗೂ ಗುಡ್ಡ ಅಗೆಯುವುದು ನಿಲ್ಲುವುದಿಲ್ಲ. ಡ್ರೋನ್ ಮನೆಯಲ್ಲೇ ಬಿಡಿ. ಗಡಿಪ್ರದೇಶವಾದ್ದರಿಂದ ಅನುಮತಿಯಿಲ್ಲದೆ ಹಾರಿಸಿದರೆ ಮುಟ್ಟುಗೋಲು ಹಾಕಿಕೊಳ್ಳಬಹುದು.

ಚಳಿಗಾಲದಲ್ಲಿ ಹಿಮಚಿರತೆ ನೋಡಲು ಹೋಗಬೇಕು. ಏನು ಬೇರೆ?

ಜನವರಿಯಿಂದ ಮಾರ್ಚ್‌ವರೆಗೆ ನೀಲಕುರಿ, ಐಬೆಕ್ಸ್‌ಗಳು ಕೆಳಗಿಳಿದಾಗ ಅವುಗಳ ಬೆನ್ನಿಗೆ ಹಿಮಚಿರತೆಯೂ ಕಿಬ್ಬರ್, ಚಿಚಮ್ ಸುತ್ತಲಿನ ಕಮರಿಗಳಿಗೆ ಬರುತ್ತದೆ. ರಾತ್ರಿ ಉಷ್ಣಾಂಶ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋಗಬಹುದು. ದಾರಿ ಕಿನ್ನೌರ್ ಕಡೆಯಿಂದ ಮಾತ್ರ. ಟೆಲಿಸ್ಕೋಪ್ ಇಟ್ಟು ಗಂಟೆಗಟ್ಟಲೆ ಬೆಟ್ಟ ಶೋಧಿಸುವ ಸ್ಥಳೀಯ ಸ್ಪಾಟರ್‌ಗಳಿಲ್ಲದೆ ಅದು ಕಣ್ಣಿಗೆ ಬೀಳುವುದು ಕಷ್ಟ. ಅವರು ನಿಲ್ಲಿ ಎಂದ ಜಾಗದಿಂದ ಮುಂದೆ ಹೋಗಬೇಡಿ. ಒಂದು ವಾರ ಕಾದರೂ ಕಾಣದೇ ಇರಬಹುದು, ಅದಕ್ಕೆ ಮನಸ್ಸು ಸಿದ್ಧವಿರಲಿ.

ನಲ್ಲಿಗಳು ಹೆಪ್ಪುಗಟ್ಟಿರುತ್ತವೆ, ಸ್ನಾನ ಎಂದರೆ ಒಂದು ಬಕೆಟ್ ಬಿಸಿನೀರು, ಅದೂ ಅಪರೂಪ. ಡೀಸೆಲ್ ಚಳಿಗೆ ಮೇಣದಂತೆ ಗಟ್ಟಿಯಾಗುವುದರಿಂದ ಸ್ಥಳೀಯ ಚಾಲಕನ ಗಾಡಿಯೇ ಸರಿ. ಮಲಗುವ ಕೋಣೆಯಲ್ಲಿ ಕೆಂಡದ ಒಲೆ ಉರಿಸಿಟ್ಟು ಕಿಟಕಿ ಬಾಗಿಲು ಮುಚ್ಚಿ ನಿದ್ದೆಹೋಗಬೇಡಿ. ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಅದರ ತಲೆನೋವು ಎತ್ತರದ ತಲೆನೋವಿನಂತೆಯೇ ಇರುತ್ತದೆ. ಮಲಗುವ ಮುನ್ನ ಒಲೆ ಆರಿಸಿ, ಬಿಸಿನೀರಿನ ಬಾಟಲಿ ಹೊದಿಕೆಯೊಳಗೆ ಇಟ್ಟುಕೊಳ್ಳಿ.

ರಸ್ತೆ ಮುಚ್ಚಿದರೆ ಏನು ಮಾಡುವುದು?

ಇದ್ದ ಊರಲ್ಲೇ ಇರಿ. ಕುಸಿದ ಜಾಗದಲ್ಲಿ ಕಲ್ಲು ಉರುಳುವುದು ಮಳೆ ನಿಂತ ಮೇಲೂ ಗಂಟೆಗಟ್ಟಲೆ ನಡೆಯುತ್ತಿರುತ್ತದೆ. ಗಾಡಿಯನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ ಒಳಗೆ ಕುಳಿತು ಕಾಯುವುದು ಅಪಾಯ. ರಸ್ತೆಯ ಸ್ಥಿತಿಯನ್ನು ಕಾಜಾ ಅಥವಾ ರೆಕಾಂಗ್ ಪಿಯೋ ಪೊಲೀಸ್ ಠಾಣೆಯಲ್ಲಿ, ಎದುರಿನಿಂದ ಬಂದ ಬಸ್ಸಿನ ಚಾಲಕರಲ್ಲಿ ಕೇಳಿ. ಮೊಬೈಲ್ ನಕಾಶೆ ಮುಚ್ಚಿದ ರಸ್ತೆಯನ್ನೂ ತೆರೆದಿದೆ ಎಂದು ತೋರಿಸುತ್ತದೆ. ಕುಂಜುಮ್ ಮುಚ್ಚಿ ಕಾಜಾದಲ್ಲಿ ಸಿಕ್ಕಿಕೊಂಡರೆ ಬಂದ ದಾರಿಯಲ್ಲೇ ಕಿನ್ನೌರ್‌ಗೆ ತಿರುಗಿ. ಅದಕ್ಕೆ ಕನಿಷ್ಠ ಎರಡು ದಿನ, ಒಂದು ಟ್ಯಾಂಕ್ ಪೆಟ್ರೋಲ್, ಎರಡು ರಾತ್ರಿಯ ಹಣ ಕೈಯಲ್ಲಿರಬೇಕು.